ಥೈರಾಯ್ಡ್ ಸರ್ಜನ್ ಆಗಬೇಕೆನ್ನುವವರು ಮೊದಲು ಏನು ಕಲಿಯಬೇಕು?

ಜನರಲ್ ಸರ್ಜರಿ ತರಬೇತಿ ಮುಗಿಯುತ್ತಿದೆ, ಬೋಧನಾ ಆಸ್ಪತ್ರೆಯಲ್ಲಿದ್ದುಕೊಂಡೇ ಥೈರಾಯ್ಡ್, ಪ್ಯಾರಾಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡಬೇಕೆಂದಿದೆ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ಪ್ಯಾರಾಥೈರಾಯ್ಡ್‌ನಿಂದ ಶುರುಮಾಡಿ. ಥೈರಾಯ್ಡ್ ತೆಗೆಯುವುದು ಬೇಗ ಕೈಗೆ ಹತ್ತುತ್ತದೆ. ಅದರ ಬೆನ್ನಿಗಿದ್ದು ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ಗುರುತಿಸಿ ಉಳಿಸುವುದಕ್ಕೆ ವರ್ಷಗಳೇ ಬೇಕು.

ಒಂದೊಂದರ ತೂಕ ಸುಮಾರು 30–50 ಮಿಲಿಗ್ರಾಂ. ಮೇಲಿನ ಜೋಡಿ ಹೆಚ್ಚಾಗಿ ಇನ್‌ಫೀರಿಯರ್ ಥೈರಾಯ್ಡ್ ಅಪಧಮನಿಯೂ ಧ್ವನಿತಂತುಗಳನ್ನು ಆಡಿಸುವ ರಿಕರೆಂಟ್ ಲಾರಿಂಜಿಯಲ್ ನರವೂ ಸಂಧಿಸುವಲ್ಲಿಂದ ಸುಮಾರು ಒಂದು ಸೆಂ.ಮೀ. ಮೇಲೆ, ನರದ ಹಿಂದೆ ಸಿಗುತ್ತದೆ. ಕೆಳಗಿನದು ನರದ ಮುಂದೆ. ಭ್ರೂಣದಲ್ಲಿ ಅದು ಎದೆಯ ಗ್ರಂಥಿಯಾದ ಥೈಮಸ್ ಜೊತೆ ಇಳಿದುಬರುವುದರಿಂದ ದವಡೆಯ ಮೂಲೆಯಿಂದ ಎದೆಯೊಳಗಿನವರೆಗೆ ಎಲ್ಲಿ ಬೇಕಾದರೂ ಉಳಿದಿರಬಹುದು. ಹೆಸರಾಂತ ರೋಗಿ, ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಅವರ ಪ್ಯಾರಾಥೈರಾಯ್ಡ್ ಗೆಡ್ಡೆ 1932ರಲ್ಲಿ, ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕಿದ್ದು ಎದೆಯೊಳಗೇ.

ಉಳಿಸುವುದೆಂದರೆ ರಕ್ತಪೂರೈಕೆ ಉಳಿಸುವುದು. ಅಪಧಮನಿಯ ಬುಡಕ್ಕೆ ಗಂಟು ಹಾಕಬೇಡಿ. ಥೈರಾಯ್ಡ್ ಪೊರೆಯ ಮೇಲೆಯೇ ಸಣ್ಣ ಕವಲುಗಳನ್ನು ಒಂದೊಂದಾಗಿ ಕಟ್ಟಿ. ತೆಗೆದ ಥೈರಾಯ್ಡನ್ನು ಲ್ಯಾಬಿಗೆ ಕಳಿಸುವ ಮುನ್ನ ತಿರುವಿ ನೋಡಿ. ಅದರ ಮೇಲೆ ಗ್ರಂಥಿ ಅಂಟಿಕೊಂಡು ಬಂದಿದ್ದರೆ ಒಂದು ಚೂರನ್ನು ತಕ್ಷಣದ ಸೂಕ್ಷ್ಮದರ್ಶಕ ಪರೀಕ್ಷೆಯಾದ ಫ್ರೋಜನ್ ಸೆಕ್ಷನ್‌ಗೆ ಕೊಟ್ಟು ಖಚಿತಪಡಿಸಿಕೊಂಡು, ಉಳಿದದ್ದನ್ನು ಒಂದು ಮಿ.ಮೀ. ತುಣುಕುಗಳಾಗಿ ಕತ್ತರಿಸಿ ಕತ್ತಿನ ಸ್ನಾಯುವಿನೊಳಗೆ ಇಡಬೇಕು.

ಪ್ಯಾರಾಥೈರಾಯ್ಡ್ ಗೆಡ್ಡೆಯ ವಿಷಯದಲ್ಲಿ ಒಂದು ಮಾತು: ರೋಗ ನಿರ್ಣಯ ಮಾಡುವುದು ರಕ್ತಪರೀಕ್ಷೆ, ಸ್ಕ್ಯಾನ್ ಅಲ್ಲ. ಸ್ಕ್ಯಾನ್‌ನಲ್ಲಿ ಕಾಣಲಿಲ್ಲವೆಂದು ರೋಗಿಯನ್ನು ಹಿಂದಕ್ಕೆ ಕಳಿಸುವುದು ಅನ್ಯಾಯ. ಪ್ಯಾರಾಥೈರಾಯ್ಡ್ ಸ್ರವಿಸುವ ಪಿಟಿಎಚ್ ಹಾರ್ಮೋನು ರಕ್ತದಲ್ಲಿ 3–5 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಗೆಡ್ಡೆ ತೆಗೆದ ಹತ್ತು ನಿಮಿಷಕ್ಕೆ, ಮೊದಲಿದ್ದ ಗರಿಷ್ಠ ಮಟ್ಟದಿಂದ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ಶಸ್ತ್ರಚಿಕಿತ್ಸೆ ನಿಲ್ಲಿಸಬಹುದು. ಎಡವುವುದು ಎಲ್ಲಿ ಅಂದರೆ, ಗೆಡ್ಡೆಯನ್ನು ಅಲುಗಾಡಿಸಿದಾಗ ಮಟ್ಟ ಏರುತ್ತದೆ. ಅದರ ರಕ್ತನಾಳ ಕಟ್ಟುವ ಮೊದಲೊಂದು ಮಾದರಿ ತೆಗೆದಿರದಿದ್ದರೆ ಲೆಕ್ಕ ತಪ್ಪುತ್ತದೆ. ಸಲೈನ್ ಬೆರೆತ ಮಾದರಿಯೂ ಮೋಸ ಮಾಡುತ್ತದೆ.

ನರಕ್ಕೆ ಮಾನಿಟರ್ ಬಳಸುತ್ತಿದ್ದು, ಮೊದಲ ಬದಿಯಲ್ಲೇ ಸಿಗ್ನಲ್ ಹೋಗಿ ಮರಳದಿದ್ದರೆ ಸಾಮಾನ್ಯವಾಗಿ ಇನ್ನೊಂದು ಬದಿಯನ್ನು ಮುಂದೂಡುವುದೇ ಸರಿ. ಎರಡೂ ಧ್ವನಿತಂತು ನಿಂತರೆ ಉಸಿರಿಗೇ ಕುತ್ತು.

ಇನ್ನು ಅಧ್ಯಾಪಕ ವೃತ್ತಿ. ಪ್ರಬಂಧಗಳಿಗಿಂತ ಮೊದಲು ಒಂದು ನೋಂದಣಿ ಪುಸ್ತಕ ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಎಷ್ಟು ಪ್ಯಾರಾಥೈರಾಯ್ಡ್ ಕಂಡವು, ಎಷ್ಟನ್ನು ನೆಟ್ಟಿರಿ, ಲ್ಯಾಬ್ ವರದಿಯಲ್ಲಿ ಎಷ್ಟು ಬಂದವು, ಮರುದಿನದ ಕ್ಯಾಲ್ಸಿಯಂ ಮತ್ತು ಪಿಟಿಎಚ್ ಎಷ್ಟು, ಆರು ತಿಂಗಳಾದ ಮೇಲೂ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದಾರೆಯೇ, ಎಲ್ಲ ಬರೆಯಿರಿ. ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ನಂತರ ಪ್ರತಿ ರೋಗಿಯ ಧ್ವನಿತಂತುಗಳನ್ನೂ ಸ್ಕೋಪ್ ಹಾಕಿ ನೋಡಿ, ಏಕೆಂದರೆ ಒಂದು ತಂತು ನಿಂತಿದ್ದರೂ ಕೆಲವರ ದನಿ ಚೆನ್ನಾಗಿಯೇ ಇರುತ್ತದೆ. ದನಿ ಕೇಳಿ ಮಾತ್ರ ಬರೆದ ಅಂಕಿ ಸುಳ್ಳಾಗುತ್ತದೆ. ನಿಮ್ಮ ವಿದ್ಯಾರ್ಥಿ ಮಾಡಿದ ಶಸ್ತ್ರಚಿಕಿತ್ಸೆಯ ತೊಡಕುಗಳನ್ನೂ ನಿಮ್ಮ ಲೆಕ್ಕಕ್ಕೇ ಸೇರಿಸಿ.