ಬಸ್ಸಿನಲ್ಲಿ ಸ್ವರ ಬರಲಿಲ್ಲ, ಈಗ ಹೊರಗೆ ಹೋಗಲೇ ಭಯ

ಪ್ರಶ್ನೆ: ನನಗೆ 24 ವರ್ಷ. ಹಂಪನಕಟ್ಟೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ. ಅಂಗಡಿ ಮುಚ್ಚುವಾಗ ರಾತ್ರಿ ಎಂಟೂವರೆ. ಜ್ಯೋತಿ ಸ್ಟಾಪಿನಲ್ಲಿ ಬಸ್ ಹತ್ತಿ ಕುಲಶೇಖರಕ್ಕೆ ಹೋಗುತ್ತೇನೆ. ಎರಡು ತಿಂಗಳ ಹಿಂದೆ ರಶ್ಶಿನ ಬಸ್ಸಿನಲ್ಲಿ ಹಿಂದೆ ನಿಂತವನೊಬ್ಬ ಮೈಗೆ ಮೈ ಒತ್ತಿ ಸೊಂಟಕ್ಕೆ ಕೈ ಹಾಕಿದ. ನನಗೆ ಸ್ವರವೇ ಬರಲಿಲ್ಲ. ನಂತೂರಿನಲ್ಲೇ ಇಳಿದುಬಿಟ್ಟೆ. ಆಮೇಲೆ ಕತ್ತಲಾದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ದಿನಾ ರಿಕ್ಷಾಕ್ಕೆ ಕೊಟ್ಟರೆ ಸಂಬಳ ಉಳಿಯುವುದಿಲ್ಲ, ರಿಕ್ಷಾದಲ್ಲೂ ಭಯವೇ. ಅಮ್ಮ ಕೆಲಸ ಬಿಡು ಅಂತಾರೆ. ಅವತ್ತು ನಾನು ಯಾಕೆ ಕಿರುಚಲಿಲ್ಲ ಮೇಡಂ?
(ಹೆಸರು ಬೇಡ, ಮಂಗಳೂರು)

ಆಪ್ತ ಸಮಾಲೋಚಕಿಯ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಜಾಸ್ತಿ ತಿನ್ನುತ್ತಿರುವುದು ಅದೇ ಅಂತ ಕಾಣುತ್ತದೆ.

ನೀವು ಕಿರುಚಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಅದು ನಿಮ್ಮ ಕೈಯಲ್ಲಿ ಇರಲಿಲ್ಲ. ಅಪಾಯ ಮೈಮೇಲೆ ಬಂದಾಗ ಕೆಲವರು ತಿರುಗಿ ಬೀಳುತ್ತಾರೆ, ಕೆಲವರು ಓಡುತ್ತಾರೆ, ಕೆಲವರು ಮರಗಟ್ಟಿ ನಿಂತುಬಿಡುತ್ತಾರೆ. ಇದು ಯೋಚಿಸಿ ಆರಿಸಿಕೊಳ್ಳುವಂಥದ್ದಲ್ಲ. ಯೋಚನೆ ಬರುವ ಮೊದಲೇ ಮೆದುಳು ತೀರ್ಮಾನ ಮಾಡಿ ಆಗಿರುತ್ತದೆ. ಲೈಂಗಿಕ ದೌರ್ಜನ್ಯ ಅನುಭವಿಸಿದ ಎಷ್ಟೋ ಹೆಂಗಸರು ಹೇಳುವುದು ಇದನ್ನೇ: ಕೈಕಾಲು ಆಡಲಿಲ್ಲ, ಸ್ವರ ಬರಲಿಲ್ಲ. ಅದು ಹೇಡಿತನ ಅಲ್ಲ. ಒಪ್ಪಿಗೆಯಂತೂ ಅಲ್ಲವೇ ಅಲ್ಲ. ತಪ್ಪು ಮಾಡಿದವನು ಅವನು. ಎರಡು ತಿಂಗಳಿಂದ ವಿಚಾರಣೆಗೆ ನಿಂತಿರುವುದು ಮಾತ್ರ ನೀವು, ಅದೂ ನಿಮ್ಮ ಮನಸ್ಸಿನಲ್ಲೇ. ದಯವಿಟ್ಟು ಆ ವಿಚಾರಣೆ ನಿಲ್ಲಿಸಿ.

ಸ್ವರ ಅಡಗಿಸುವ ಇನ್ನೊಂದು ಸಂಗತಿಯೂ ನಮ್ಮ ಊರಲ್ಲಿದೆ. ಕೂಗಿದರೆ ಜನ ಯಾರ ಕಡೆ ನೋಡುತ್ತಾರೆ? ‘ಈ ಹೊತ್ತಲ್ಲಿ ಎಲ್ಲಿಂದ ಬರುತ್ತಿದ್ದಾಳೆ, ಯಾರ ಮಗಳು’ ಅಂತ ನಮ್ಮ ಕಡೆಯೇ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದರು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿದರು. ಎರಡೂ ಕಡೆ ಸಂಸ್ಕೃತಿಯ ಹೆಸರು. ಇದನ್ನೆಲ್ಲ ಕೇಳಿ ಬೆಳೆದ ಹುಡುಗಿಗೆ ಮುಟ್ಟಿದವನ ಭಯದ ಜೊತೆ ಸುತ್ತ ನಿಂತವರ ಭಯವೂ ಸೇರಿಕೊಂಡರೆ ಆಶ್ಚರ್ಯವಿಲ್ಲ.

ಈಗ ಅಮ್ಮನ ಮಾತು. ಅವರ ಸಂಕಟ ನಿಜ, ಆದರೆ ಆ ಸಲಹೆ ಒಪ್ಪಲಾರೆ. ಭಯವಾದ ಜಾಗ ಬಿಟ್ಟುಬಿಟ್ಟರೆ ಅವತ್ತಿಗೆ ಎದೆ ಹಗುರಾಗುತ್ತದೆ. ಆ ಹಗುರವನ್ನೇ ಮನಸ್ಸು ಪುರಾವೆ ಮಾಡಿಕೊಳ್ಳುತ್ತದೆ: ನೋಡು, ಹೋಗದೇ ಇದ್ದದ್ದಕ್ಕೇ ಉಳಿದೆ ಅಂತ. ಮೊದಲು ಬಸ್ಸು, ಈಗ ರಿಕ್ಷಾ, ನಾಳೆ ಸಂತೆ, ನಾಡಿದ್ದು ಗೆಳತಿಯ ಮದುವೆ. ಹಾಗಂತ ಮನೆಯೊಳಗೆ ಕೂತರೆ ಅಪಾಯ ಮುಗಿಯಿತು ಅಂತಲೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳಲ್ಲಿ ವರ್ಷ ವರ್ಷವೂ ಒಂದೇ ಮಾತು: ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಕಡೆ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ. ಇದನ್ನು ಅಮ್ಮನಿಗೂ ಓದಿ ಹೇಳಿ.

ಬಸ್ಸಿಗೆ ಮರಳುವುದನ್ನು ಸಣ್ಣ ಸಣ್ಣದಾಗಿ ಮಾಡಿ. ಮೊದಲು ರಜೆಯ ದಿನ ಹಗಲಲ್ಲಿ, ಅಂಗಡಿಯ ಗೆಳತಿಯೊಬ್ಬರ ಜೊತೆ ಅದೇ ದಾರಿ ಹೋಗಿ. ಎದೆ ಹೊಡೆದುಕೊಂಡರೂ ನಂತೂರಲ್ಲಿ ಇಳಿಯಬೇಡಿ, ಕುಲಶೇಖರದವರೆಗೂ ಕೂತಿರಿ. ಆ ಗಾಬರಿ ಮೇಲೇರುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ದೇಹ ಒಮ್ಮೆ ಕಂಡುಕೊಳ್ಳಬೇಕು. ಅದು ಸಲೀಸಾದ ಮೇಲೆ ರಾತ್ರಿಯ ಬಸ್ಸು, ಜೊತೆಗೆ ಯಾರಾದರೂ. ಆಮೇಲೆ ಒಬ್ಬರೇ, ಸ್ಟಾಪಿನಲ್ಲಿ ಮನೆಯವರು ಕಾದಿರಲಿ. ರಶ್ಶಿದ್ದರೆ ಮುಂದಿನ ಬಾಗಿಲಲ್ಲಿ ಹತ್ತಿ ಹೆಂಗಸರ ಸೀಟಿನ ಹತ್ತಿರ ನಿಲ್ಲಿ.

ಒಂದು ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ಬಾಯಿಗೆ ರೂಢಿ ಮಾಡಿ. ‘ಕೈ ತೆಗಿ’, ಇಲ್ಲವೇ ತುಳುವಿನಲ್ಲಿ ‘ದೂರ ಉಂತು’ (ದೂರ ನಿಲ್ಲು). ಸಾಕು. ಸುಮ್ನೆ ಕೇಳಿದರೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಮೈ ಮರಗಟ್ಟಿದಾಗ ಹೊಸ ಮಾತು ಹುಟ್ಟುವುದು ಕಷ್ಟ, ರೂಢಿಯಾದ ಮಾತು ಬರುವ ಸಾಧ್ಯತೆ ಜಾಸ್ತಿ. ಕಂಡಕ್ಟರನ್ನು ಕರೆದು ಹೇಳಿ. ಅವರು ಸೀಟಿ ಊದಿ ಬಸ್ ನಿಲ್ಲಿಸಬಹುದು. ಅಷ್ಟಾದರೂ ಮಾಡುವುದು ಅವರ ಕೆಲಸ, ನಿಮಗೆ ಮಾಡುವ ಉಪಕಾರ ಅಲ್ಲ. ಪೆಪ್ಪರ್ ಸ್ಪ್ರೇಯನ್ನು ಮಾತ್ರ ತುಂಬಾ ನಂಬಬೇಡಿ. ತುಂಬಿದ ಬಸ್ಸಿನಲ್ಲಿ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ನಿಮ್ಮ ಕಣ್ಣಿಗೂ.

ಆ ದಿನ ನಡೆದದ್ದು ಕಾನೂನಿನ ಕಣ್ಣಲ್ಲಿ ಚಿಲ್ಲರೆ ವಿಷಯ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್‌ನಲ್ಲಿ ಇದಕ್ಕೆ ಕಡಿಮೆ ಅಂದರೆ 1 ವರ್ಷ, ಹೆಚ್ಚು ಅಂದರೆ 5 ವರ್ಷ ಜೈಲು. ಬೆನ್ನು ಹತ್ತಿ ಬಂದು ಕಾಡಿದರೆ 78ನೇ ಸೆಕ್ಷನ್. ಯಾವ ಠಾಣೆಗೂ ಹೋಗಿ ದೂರು ಕೊಡಬಹುದು, ‘ನಮ್ಮ ವ್ಯಾಪ್ತಿ ಅಲ್ಲ’ ಅಂತ ವಾಪಸ್ ಕಳಿಸುವ ಹಾಗಿಲ್ಲ. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎರಡು ತಿಂಗಳು ಕಳೆದಿದೆ ಅನ್ನುವುದೂ ಅಡ್ಡಿಯಲ್ಲ. ಕೊಡುವುದು ಬಿಡುವುದು ನಿಮ್ಮ ತೀರ್ಮಾನ, ಒತ್ತಾಯ ಮಾಡುವುದಿಲ್ಲ. ದಾರಿಯಲ್ಲಿ ಏನಾದರೂ ಆದರೆ ತಕ್ಷಣ 112. ಸಲಹೆ, ನೆರವು ಬೇಕಾದರೆ ಮಹಿಳಾ ಸಹಾಯವಾಣಿ 181.

ಅಂಗಡಿಯ ಮಾಲೀಕರ ಹತ್ತಿರವೂ ಮಾತಾಡಿ. ಒಂದೇ ದಿಕ್ಕಿಗೆ ಹೋಗುವವರು ಒಟ್ಟಿಗೆ ಹೊರಡುವ ಹಾಗೆ ಸಮಯ ಹೊಂದಿಸುವುದು ಕಷ್ಟವಲ್ಲ. ಒಬ್ಬರೇ ಕೇಳಲು ಮುಜುಗರವಾದರೆ ನಾಲ್ಕು ಜನ ಸೇರಿ ಕೇಳಿ. ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಇಂಥದ್ದು ಅನುಭವಿಸಿದ್ದು ನೀವೊಬ್ಬರೇ ಆಗಿರಲಾರಿರಿ.

ಕೊನೆಗೆ ಒಂದು. ಇಂಥ ಘಟನೆ ಆದ ಮೇಲೆ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿ ಬೀಳುವುದು ಸಹಜ. ಒಂದು ತಿಂಗಳು ದಾಟಿಯೂ ಹಾಗೇ ಇದ್ದರೆ ನೆರವು ಬೇಕು ಅಂತ ಅರ್ಥ. ನಿಮಗೆ ಎರಡು ತಿಂಗಳಾಗಿದೆ. ಆದ್ದರಿಂದ ಈ ವಾರವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕು ಅಂತಿಲ್ಲ. ಎದುರು ಕೂತು ಮಾತಾಡುವುದು ಒಳ್ಳೆಯದು ಅನ್ನಿಸಿದರೆ ನಿಮ್ಮ ಅಂಗಡಿಯ ಹತ್ತಿರವೇ ವೆನ್ಲಾಕ್ ಆಸ್ಪತ್ರೆ ಇದೆ. ಅಲ್ಲಿನ ಮಾನಸಿಕ ರೋಗ ವಿಭಾಗಕ್ಕೆ ಹೋಗಿ. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ.