ಕೃಷ್ಣಾ-ಗೋದಾವರಿ ಬೇಸಿನ್‌ನಲ್ಲಿ, ಸಮುದ್ರದ ಅಡಿಯಲ್ಲಿ ಗ್ಯಾಸ್ ಹೇಗೆ ಬಂತು?

ನದಿಗಳು ತಂದು ಸುರಿದ ಮಣ್ಣಿನಿಂದ. ಅದರ ಜೊತೆ ಬಂದ ಎಲೆ, ಕಡ್ಡಿ, ಪಾಚಿ ಹೂತುಹೋಗಿ, ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನ್ನೋ ಗ್ಯಾಸ್ ಆಗಿದೆ.

ಸುಮಾರು 13 ಕೋಟಿ ವರ್ಷಗಳ ಹಿಂದೆ ಭಾರತ ಅಂಟಾರ್ಕ್ಟಿಕಾದಿಂದ ಸೀಳಿ ಬೇರೆಯಾಗತೊಡಗಿದಾಗ ಈಗಿನ ಆಂಧ್ರ ಕರಾವಳಿಯ ಪಕ್ಕ ನೆಲ ಕುಸಿದು ಹಳ್ಳ ಬಿತ್ತು. ಅಂಥ ಹಳ್ಳ ತುಂಬಿದ ಜಾಗಕ್ಕೇ ಬೇಸಿನ್ ಅನ್ನೋದು. ಮಣ್ಣು ಬೀಳ್ತಾ ಹೋಯಿತು, ತಳ ಕುಸಿಯುತ್ತಾ ಹೋಯಿತು. ಈಗ ಕೆಲವೆಡೆ ಪದರ 5 ಕಿಲೋಮೀಟರ್‌ಗಿಂತ ದಪ್ಪ. ನಮ್ಮ ಕಡೆಯ ಮಣ್ಣೂ ಕೃಷ್ಣೆಯ ಜೊತೆ ಅಲ್ಲಿಗೆ ಹೋಗಿದೆ!

ಕೆರೆಯ ಕೆಸರಿಗೆ ಕೋಲು ಚುಚ್ಚಿದರೆ ಗುಳುಗುಳು ಅಂತ ಗುಳ್ಳೆ ಬರುತ್ತಲ್ವಾ, ಅದೂ ಸೂಕ್ಷ್ಮಜೀವಿಗಳು ಮಾಡಿದ ಮೀಥೇನೇ. ಈ ಬೇಸಿನ್‌ನ ಡಿ6 ಬ್ಲಾಕ್‌ನಲ್ಲಿ (ಗ್ಯಾಸ್ ಹುಡುಕೋಕೆ ಗುರುತು ಮಾಡಿದ ಸಮುದ್ರದ ತುಂಡು) ರಿಲಯನ್ಸ್‌ಗೆ 2002ರಲ್ಲಿ ಸಿಕ್ಕ ಧೀರೂಭಾಯಿ ನಿಕ್ಷೇಪಗಳ ಗ್ಯಾಸ್ ಹೆಚ್ಚಾಗಿ ಈ ಜಾತಿಯದು. ಇನ್ನೂ ಆಳದ ಹಳೆಯ ಪದರಗಳಲ್ಲಿ ಭೂಮಿಯ ಬಿಸಿಗೆ ಬೆಂದು ಆದ ಗ್ಯಾಸ್, ಎಣ್ಣೆ ಎರಡೂ ಇವೆ.

ಆದರೆ ಗ್ಯಾಸ್ ಹುಟ್ಟಿದರೆ ಸಾಲದು, ನಿಲ್ಲಬೇಕು. ಸಮುದ್ರದ ತಳದಲ್ಲೇ ಹರಿದ ಹಳೇ ಕಾಲುವೆಗಳಲ್ಲಿ ಮರಳು ತುಂಬಿದೆ, ಅದರ ಸಂದುಗಳಲ್ಲಿ ಗ್ಯಾಸ್ ಕೂತಿದೆ. ಮೇಲೆ ಜೇಡಿ ಪದರ ಮುಚ್ಚಳದ ಹಾಗೆ. ತಮಾಷೆ ಅಂದರೆ ಆ ಮರಳೇ ತಲೆನೋವೂ ಹೌದು: ಡಿ6ರಲ್ಲಿ 2009ರಲ್ಲಿ ಗ್ಯಾಸ್ ಉತ್ಪಾದನೆ ಶುರುವಾಗಿ ಸ್ವಲ್ಪ ವರ್ಷಕ್ಕೇ ಬಾವಿಗಳಿಗೆ ನೀರು, ಮರಳು ನುಗ್ಗಿ ಗ್ಯಾಸ್ ಇಳಿದುಹೋಯಿತು.