ಕೂಗುವುದನ್ನೇ ಬಿಟ್ಟಿದ್ದ ಸ್ಟಾಪರ್

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬ ಫುಟ್‌ಬಾಲ್ ಆಟಗಾರನ ಕತೆ ಇದು, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಇಲ್ಲಿ ರಾತ್ರಿ ಒಂಬತ್ತೂವರೆ, ಅವನಿರುವ ಊರಲ್ಲಿ ಸಂಜೆ ಐದು. ವಿಡಿಯೋ ಕರೆಯಲ್ಲಿ ಮಾತಾಡಿದೆವು. ಬೆಂಗಳೂರಿನ ಹುಡುಗ, ವಯಸ್ಸು 24. ಯುರೋಪಿನ ಸಣ್ಣ ಕ್ಲಬ್ಬೊಂದರಲ್ಲಿ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಎದುರಾಳಿಯನ್ನು ತಡೆಯುವವನು. ಅವನ ತಂದೆ ಕಾರ್ಖಾನೆ ತಂಡಕ್ಕೆ ಅದೇ ಜಾಗದಲ್ಲಿ ಆಡಿದವರು. ಅವರ ಕಾಲದಲ್ಲಿ ಅದಕ್ಕೆ ‘ಸ್ಟಾಪರ್’ ಅನ್ನುತ್ತಿದ್ದರು.

ನಿದ್ದೆ ಬರಲ್ಲ ಎಂದ. ಸೀಸನ್‌ಗೆ ಮುಂಚಿನ ಪಂದ್ಯವೊಂದರಲ್ಲಿ ಅವನು ತನ್ನ ಗೋಲಿನ ಕಡೆಗೆ ಹಿಂದಕ್ಕೆ ಕೊಟ್ಟ ಚೆಂಡು (ಬ್ಯಾಕ್ ಪಾಸ್) ಎದುರಾಳಿಗೆ ಸಿಕ್ಕಿ ಗೋಲಾಗಿತ್ತು. ಮುಂದಿನ ವಾರವೇ ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟು. ಆ ಗೋಲಿನ ವಿಡಿಯೋವನ್ನು ರಾತ್ರಿ ಹೊತ್ತು ಮತ್ತೆ ಮತ್ತೆ ನೋಡುತ್ತಾನೆ. ಭಾನುವಾರ ಅಮ್ಮ ಫೋನ್ ಮಾಡಿ “ಆಡಿದ್ಯಾ ಪುಟ್ಟ?” ಅಂದರೆ “ಹೂಂ, ಆಡ್ದೆ” ಅನ್ನುತ್ತಾನೆ. ಅಪ್ಪನ ಹತ್ತಿರ ಮಾತೇ ಇಲ್ಲ. ಇಲ್ಲಿನ ಸರ್ಕಾರಿ ಕೆಲಸ ಬೇಡ ಅಂದು ಹೋದವನು ಅವನು.

ಸಾಯುವ ಯೋಚನೆ ಏನಾದರೂ ಬರುತ್ತಾ ಅಂತ ನೇರವಾಗಿ ಕೇಳಿದೆ. ಕೇಳಲೇಬೇಕಾದ ಪ್ರಶ್ನೆ ಅದು. ಇಲ್ಲ ಎಂದ.

ಎರಡನೇ ಭೇಟಿಯಲ್ಲಿ “ಮೈದಾನದಲ್ಲಿ ನಿಮ್ಮ ಕೆಲಸ ಏನು, ನನಗೆ ಅರ್ಥ ಆಗೋ ಹಾಗೆ ಹೇಳಿ” ಅಂದೆ. ಮೊದಲ ಸಲ ಅವನ ಮುಖ ಅರಳಿತು. “ಅರ್ಧ ಕೆಲಸ ಬಾಯಲ್ಲೇ ಮೇಡಂ. ಹಿಂದೆ ನಿಂತವನಿಗೆ ಇಡೀ ಆಟ ಕಾಣುತ್ತೆ. ರಕ್ಷಣೆಯ ನಾಲ್ಕು ಜನ ಒಟ್ಟಿಗೆ ಮುಂದೆ ಬಂದರೆ ಎದುರಾಳಿ ನಮ್ಮ ಹಿಂದೆ ಉಳಿದು ಆಫ್‌ಸೈಡ್, ಅವನು ಗೋಲು ಹೊಡೆದರೂ ಲೆಕ್ಕಕ್ಕಿಲ್ಲ. ಒಬ್ಬ ತಡ ಮಾಡಿದರೂ ಗೋಲು. ಅದನ್ನು ನಾನೇ ಕೂಗಿ ಹೇಳಬೇಕು.”

“ಅಲ್ಲಿ ಕೂಗ್ತೀರಾ?”

ಸುಮಾರು ಹೊತ್ತು ಸುಮ್ಮನಿದ್ದ. ಭಾಷೆ ಬರಲ್ಲ, ತಪ್ಪು ಮಾತಾಡಿದರೆ ನಗುತ್ತಾರೆ, ಅದಕ್ಕೇ ಕೂಗುವುದನ್ನು ಬಿಟ್ಟಿದ್ದ. ನೋವು ಜಾಸ್ತಿ ಇದ್ದರೂ ಫಿಸಿಯೋಗೆ ಹೇಳಿರಲಿಲ್ಲ. ಎರಡು ತಿಂಗಳ ಸಂಬಳ ಬಂದಿಲ್ಲ ಅನ್ನುವುದನ್ನೂ ಯಾರಿಗೂ ಹೇಳಿರಲಿಲ್ಲ. ಕೇಳಿ ನನಗೆ ಸಂಕಟವಾಯಿತು.

ನಾನು ಕೊಟ್ಟ ಸಲಹೆ ಸಣ್ಣದು. ಮೈದಾನಕ್ಕೆ ಬೇಕಾದ ಇಪ್ಪತ್ತು ಮಾತು ಕಲಿಯಿರಿ: ಬಿಡು, ನಂದು, ಹಿಂದೆ ಇದ್ದಾನೆ, ಮುಂದೆ ಬನ್ನಿ. ತಂಡದ ಗೋಲ್‌ಕೀಪರ್ ಹತ್ತಿರವೇ ಕಲಿಯಿರಿ, ನಿಮ್ಮ ಮಾತು ಮೊದಲು ಬೇಕಿರುವುದು ಅವನಿಗೇ. ನೋವನ್ನು ನಾಳೆಯೇ ಫಿಸಿಯೋಗೆ ಹೇಳಿ. ಮಲಗುವ ಮುಂಚೆ ಫೋನನ್ನು ಅಡುಗೆಮನೆಯಲ್ಲಿಡಿ.

ಸಂಬಳದ ವಿಷಯ ನನ್ನ ಕೆಲಸವಲ್ಲ. ಆದರೂ ಸುಮ್ಮನಿರಲು ಆಗಲಿಲ್ಲ. ಕನಿಷ್ಠ ಎರಡು ತಿಂಗಳ ಸಂಬಳ ಬಾಕಿಯಿದ್ದರೆ ಆಟಗಾರ ಕ್ಲಬ್ಬಿಗೆ ಲಿಖಿತ ನೋಟಿಸ್ ಕೊಡಬಹುದು. ಕನಿಷ್ಠ 15 ದಿನ ಗಡುವು ಕೊಟ್ಟ ಮೇಲೂ ಹಣ ಬರದಿದ್ದರೆ ಕರಾರು ಮುರಿಯಲು ಅದು ಸರಿಯಾದ ಕಾರಣ. ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾದ ನಿಯಮವೇ ಹೀಗಿದೆ. ಒಬ್ಬನೇ ನೋಟಿಸ್ ಬರೆಯಬೇಡಿ, ಮೊದಲು ಆ ದೇಶದ ಆಟಗಾರರ ಸಂಘಕ್ಕೆ ಹೋಗಿ ಎಂದೆ.

“ಆಡದೇ ವಾಪಸ್ ಬಂದರೆ ಎಲ್ಲರೂ ಏನಂತಾರೆ?” ಇದು ಅವನನ್ನು ಹೆಚ್ಚು ಕೊರೆಯುತ್ತಿದ್ದ ಪ್ರಶ್ನೆ. ಭಾರತ ತಂಡಕ್ಕೆ ಸೆಂಟರ್ ಬ್ಯಾಕ್ ಆಗಿ ಆಡಿದ ಸಂದೇಶ್ ಝಿಂಗನ್ ಅವರನ್ನು ನೆನಪು ಮಾಡಿದೆ. 2021ರಲ್ಲಿ ಅವರು ಕ್ರೊಯೇಷ್ಯಾದ ಶಿಬೆನಿಕ್ ಕ್ಲಬ್ಬಿಗೆ ಹೋದರು. ಗಾಯವಾಯಿತು. ಒಂದೂ ಪಂದ್ಯ ಆಡದೆ 2022ರ ಜನವರಿಯಲ್ಲಿ ಮರಳಿದರು. 2023ರ ಜುಲೈಯಲ್ಲಿ ನಮ್ಮ ಕಂಠೀರವದಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಾಗ ತಂಡದ ರಕ್ಷಣೆಯಲ್ಲಿ ಅವರಿದ್ದರು. “ಅವತ್ತು ನಾನು ಗ್ಯಾಲರಿಯಲ್ಲಿದ್ದೆ ಮೇಡಂ” ಎಂದ.

ಮೂರನೇ ವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದ. ಅವರು ಬೈಯಲಿಲ್ಲ. “ಯಾವ ಕಾಲು?” ಅಂತ ಕೇಳಿದರಂತೆ. ಆಮೇಲೆ ಒಂದು ಗಂಟೆ ಇಬ್ಬರೂ ಆ ಬ್ಯಾಕ್ ಪಾಸ್ ಬಗ್ಗೆಯೇ ಮಾತಾಡಿದ್ದಾರೆ.

ಒಂದು ತಿಂಗಳ ಸಂಬಳ ಬಂದಿದೆ. ಇನ್ನೊಂದಕ್ಕೆ ಸಂಘದವರು ಪತ್ರ ಬರೆದಿದ್ದಾರೆ. ಕರಾರು ಮೇ ತನಕ ಇದೆ, ಆಮೇಲೇನು ಅಂತ ಅವನಿನ್ನೂ ತೀರ್ಮಾನಿಸಿಲ್ಲ. ಕಳೆದ ವಾರ ಅಭ್ಯಾಸ ಪಂದ್ಯದಲ್ಲಿ ಅರ್ಧ ಹೊತ್ತು ಆಡಿ ಬಂದಿದ್ದ. ಗಂಟಲು ಪೂರ್ತಿ ಕಟ್ಟಿಹೋಗಿತ್ತು.